ಅಂತರಗಂಗೆಯನ್ನು ನೀರಿಗೆ ಬಿಟ್ಟವರು

ಡ್ಯಾಮಿನ ಹಿನ್ನೀರಿನಲ್ಲಿ ತೆಪ್ಪದ ಹಿಂದೆ ಗಾಳ ಎಳೆಯುತ್ತ ಮೀನು ಹಿಡಿಯುತ್ತಿದ್ದ ನಮ್ಮ ಪಕ್ಕದ ಮನೆಯವರು, ಗಾಳಕ್ಕೆ ತೊಡರಿದ ಅಂತರಗಂಗೆ ಕಳೆಯನ್ನು ಎಂದೂ ನೀರಿಗೆ ಎಸೆಯುತ್ತಿರಲಿಲ್ಲ. "ನೀರಿಗೆ ಹಾಕಿದ್ರ ನಾಳೆ ಮತ್ತ ನಮ್ಗ ಗಂಟು ಬೀಳತೈತ್ರಿ," ಎಂದು ಬೈಯುತ್ತ ತೆಪ್ಪದೊಳಗೇ ಗುಡ್ಡೆ ಹಾಕುತ್ತಿದ್ದರು. ಜೊತೆಗೆ ಹೋದಾಗ ನಾನು ಆ ಕೆಸರು ಗುಡ್ಡೆಯ ಪಕ್ಕದಲ್ಲೇ ಮುದುಡಿ ಕೂರಬೇಕಿತ್ತು.

ಒಂದು ಸಂಜೆ ಗಾಳಿಗೆ ಆ ಕಳೆಯೆಲ್ಲ ತೇಲಿ ಬಂದು, ದಡದವರೆಗೂ ಹಬ್ಬಿ ನಮ್ಮನ್ನು ಮುತ್ತಿಕೊಂಡಿತು. ಮೀಟಿ ಮೀಟಿ ಹುಟ್ಟು ಮುರಿಯಿತು. ನನಗೆ ಈಜು ಬಾರದು. "ಅಂಜಬ್ಯಾಡ್ರಿ, ಅಲುಗಾಡದಂಗ ಕುಂದ್ರಿ," ಎಂದವರೇ ಬೋರಲು ಮಲಗಿ, ಮುಂದಿದ್ದ ಅಂತರಗಂಗೆಯನ್ನೇ ಹಿಡಿಹಿಡಿಯಾಗಿ ಜಗ್ಗುತ್ತ ತೆಪ್ಪವನ್ನು ದಡ ಮುಟ್ಟಿಸಿದರು. ಕಾಲಿಗೆ ಮಣ್ಣು ತಾಗಿದ ಮೇಲೆಯೇ ನನಗೆ ಉಸಿರು ಬಂದದ್ದು.

ಅವರು ಮಾತ್ರ ತೆಪ್ಪದೊಳಗಿನ ಕಳೆಯ ಗುಡ್ಡೆಯನ್ನು ಬಾಚಿ ಮೆಲ್ಲಗೆ ನೀರಿಗೆ ಬಿಟ್ಟರು. "ಇವತ್ತೊಂದಿನ ಹೋಗ್ಲಿ ಬಿಡ್ರಿ. ನಮ್ಮನ್ನ ದಂಡಿಗೆ ತಂದು ಬಿಟ್ಟೈತಿ."