ತೂಕಕ್ಕೆ ಬಾರದ ಜಡೆ

ನನ್ನ ಮಂಡಿಯ ಗೋಡೆಗೆ, ದೇವರ ಪಟದ ಕೆಳಗೆ, ಒಂದು ಸಣ್ಣ ಹಲಗೆ ಹೊಡೆಸಿದ್ದೇನೆ. ಬೆಳಿಗ್ಗೆ ಮೊದಲ ಟೊಮೇಟೊ ಕ್ರೇಟು ಇಳಿದ ಕೂಡಲೇ, ಅದು ತಕ್ಕಡಿ ಏರುವುದಕ್ಕೆ ಮುಂಚೆಯೇ, ಅದರಿಂದ ಒಂದು ಹಿಡಿ ತೆಗೆದು ಆ ಹಲಗೆಯ ಮೇಲಿಡುವುದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ಅದು ದೇವರ ಪಾಲು. ಅದು ತೂಕಕ್ಕೆ ಬರುವುದಿಲ್ಲ. ಬೆಳೆದವನೂ ಅದನ್ನು ಕೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಹಿಡಿ ತುಂಬುವಾಗ ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಸಣ್ಣ ಹಣ್ಣನ್ನೂ ತುಸು ಸೀಳು ಬಿಟ್ಟದ್ದನ್ನೂ ಹುಡುಕುತ್ತಿದ್ದವೆಂಬುದನ್ನು, ಸಂಜೆಯ ಹೊತ್ತಿಗೆ ಆ ನೈವೇದ್ಯವೆಲ್ಲ ನಮ್ಮ ಮನೆಯ ಗೊಜ್ಜಿಗೇ ಸೇರುತ್ತಿತ್ತೆಂಬುದನ್ನು, ಸ್ನೇಹಿತರಾದ ನಿಮ್ಮಲ್ಲಿ ಮುಚ್ಚಿಟ್ಟು ಆಗಬೇಕಾದ್ದೇನು? ಮುಳಬಾಗಿಲಿನಲ್ಲಿ ಇಷ್ಟು ಕಾಲ ತರಕಾರಿ ಮಂಡಿ ನಡೆಸಿದವನಿಗೆ ದೇವರ ವಿಚಾರ ಹೆಚ್ಚು ತಿಳಿಯದಿದ್ದರೂ ತೂಕದ ವಿಚಾರ ತಿಳಿದಿರುತ್ತದೆಂದು ನೀವು ಭಾವಿಸುವುದು ಸಹಜ. ನಾನೂ ಹಾಗೆಯೇ ಭಾವಿಸಿದ್ದೆ.

ಬಾಕ್ಸಿಂಗ್ ಎಂದರೆ ಹೊಡೆದಾಟ ಎಂದುಕೊಂಡಿದ್ದವನು ನಾನು. ಅದು ಮೊದಲು ತೂಕ, ಆಮೇಲೆ ಹೊಡೆದಾಟ ಎಂದು ನನಗೆ ಕಲಿಸಿದವಳು ನನ್ನ ಅಕ್ಕನ ಮಗಳು ಭವ್ಯ. ಅಕ್ಕ ಮುನಿರತ್ನಮ್ಮನನ್ನು ಬೈರಕೂರಿಗೆ ಕೊಟ್ಟಿದ್ದೇವೆ; ಅಲ್ಲಿ ಅವರಿಗೆ ಒಂದಿಷ್ಟು ಮಾವಿನ ಮರ, ಒಂದಿಷ್ಟು ಟೊಮೇಟೊ, ಮನೆ ತುಂಬ ಮಾತು. ಭವ್ಯ ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದಳು. ಒಮ್ಮೆ ಕೋಲಾರದಲ್ಲಿ ಆಟ ಮುಗಿಸಿ ಹೊರಟವಳು ಮೈದಾನದ ಹಿಂದಿನ ಶೆಡ್ಡಿನಲ್ಲಿ ಯಾರೋ ತೂಗುಚೀಲಕ್ಕೆ ಗುದ್ದುವ ಸದ್ದು ಕೇಳಿ ನಿಂತಳಂತೆ. ಬಸ್ಸು ಹೋಯಿತು, ಇವಳು ಉಳಿದಳು. ಆ ಶೆಡ್ಡಿನಲ್ಲಿ ಕಲಿಸುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿ ಬಂದ ಬಾಷಾ ಸರ್. ಅವರು ಅವಳ ಮುಷ್ಟಿಯನ್ನು ನೋಡಲಿಲ್ಲ, ಪಾದಗಳನ್ನು ನೋಡಿ "ನಾಳೆಯಿಂದ ಬಾಮ್ಮ" ಎಂದರಂತೆ. ಅಕ್ಕ ಬೇಡವೆನ್ನಲಿಲ್ಲ, "ಮೂಗಿಗೆ ಮಾತ್ರ ಏನೂ ಆಗ್ಬಾರ್ದು" ಎಂದು ಒಂದೇ ಒಂದು ಕರಾರು ಹಾಕಿದಳು. ಹೊಡೆಯಲು ಬರುವವರು ಮೂಗನ್ನು ಬಿಟ್ಟು ಹೊಡೆಯುತ್ತಾರೆಂದು ನಂಬಬಲ್ಲ ತಾಯಂದಿರಿರುವುದರಿಂದಲೇ ಲೋಕದಲ್ಲಿ ಮಕ್ಕಳು ಏನನ್ನಾದರೂ ಸಾಧಿಸುತ್ತಾರೆ.

ಮೊದಲ ಪಂದ್ಯ ಮಾಲೂರಿನಲ್ಲಿ. ಎದುರಾಳಿ ಹುಡುಗಿ ಇವಳನ್ನು ರಿಂಗಿನ ಹಗ್ಗಕ್ಕೆ ಒತ್ತಿ ಹಿಡಿದು ಸೋಲಿಸಿ ಕಳಿಸಿದಳು. ಭವ್ಯ ಮನೆಗೆ ಬಂದು ಮುದ್ದೆ ಉಂಡು, ಕೈ ತೊಳೆದು, ಮಾವಿನ ಮರಕ್ಕೆ ಕಟ್ಟಿದ್ದ ಗೋಣಿಚೀಲದ ಮುಂದೆ ಹೋಗಿ ನಿಂತಳು. ಮರಳು, ಹಳೇ ಬಟ್ಟೆ ತುಂಬಿದ್ದ ಆ ಚೀಲ ವರ್ಷಕ್ಕೊಂದು ಹರಿಯುತ್ತಿತ್ತು, ನಾನು ಮಂಡಿಯಿಂದ ಇನ್ನೊಂದು ಕಳಿಸುತ್ತಿದ್ದೆ. ಅವಳ ಸಾಧನೆಯಲ್ಲಿ ನನ್ನ ಪಾಲೇನೆಂದು ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಇದೊಂದು ಇದೆ. ಚೀಲಗಳು ಹರಿದಂತೆಲ್ಲ ಪದಕಗಳು ಬಂದವು: ಮೊದಲು ಜಿಲ್ಲೆ, ಆಮೇಲೆ ವಿಶ್ವವಿದ್ಯಾಲಯ, ಆಮೇಲೆ ರಾಜ್ಯ. ರಾಷ್ಟ್ರಮಟ್ಟದಲ್ಲಿ ಒಂದು ಕಂಚು. ಅಲ್ಲಿಂದ ಮುಂದೆ ದೇಶದ ತಂಡದ ಶಿಬಿರಕ್ಕೆ ಕರೆ ಬರಬಹುದೆಂದು ಕಾದಳು, ಬರಲಿಲ್ಲ. ಹವ್ಯಾಸಿಯ ಹಾದಿ ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಾಗ, ವೃತ್ತಿಪರಳಾಗುತ್ತೇನೆ ಎಂದಳು. ಅದೇ ಆಟ, ಅದೇ ಹಗ್ಗ. ಆದರೆ ತಲೆಗೆ ರಕ್ಷೆಯಿಲ್ಲ, ಸುತ್ತುಗಳು ಹೆಚ್ಚು, ನೋಡಲು ಬಂದವರು ಟಿಕೆಟು ಕೊಂಡು ಕೂತವರು.

ತಲೆಯ ಆ ರಕ್ಷೆ ಹೋದದ್ದೇ ಅಕ್ಕನಿಗೆ ನುಂಗಲಾರದ ತುತ್ತಾಯಿತು. ಬೆಂಗಳೂರಿನ ಒಂದು ಪಂದ್ಯದಲ್ಲಿ ಭವ್ಯಳ ಹುಬ್ಬು ಒಡೆದು, ಅವಳು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ದಿನ, ಅಕ್ಕ ದೇವರ ಮುಂದೆ ದೀಪ ಹಚ್ಚಿ, ಮಗಳು ಪಟ್ಟ ಗೆದ್ದು ಮುಖ ಉಳಿಸಿಕೊಂಡು ಬಂದರೆ ಅವಳ ಮುಡಿಯನ್ನು ಚಿಕ್ಕತಿರುಪತಿಯ ಸ್ವಾಮಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತಳು. ಭವ್ಯ ನಕ್ಕಳು, ಒಪ್ಪಿದಳು. ಅಲ್ಲಿಂದ ಮೇಲೆ ಆ ತಲೆಗೆ ಕತ್ತರಿ ಸೋಕಲಿಲ್ಲ. ಅಕ್ಕ ಹರಳೆಣ್ಣೆ ಹಚ್ಚಿ ಬೆಳೆಸಿದ ಕೂದಲು ಸೊಂಟ ದಾಟಿತು. ರಿಂಗಿಗಿಳಿಯುವಾಗ ಅದನ್ನು ಸಣ್ಣ ಸಣ್ಣ ಹೆಣಿಗೆ ಹಾಕಿ ಬಿಗಿದು ಕಟ್ಟುವುದೇ ಅರ್ಧ ದಿನದ ಕೆಲಸ. ದೇವರ ಆಸ್ತಿಯನ್ನು ತಲೆಯ ಮೇಲೆ ಹೊತ್ತು ಈ ಹುಡುಗಿ ಊರೂರು ಸುತ್ತಿ ಗುದ್ದಾಡಿದಳು, ಗೆಲ್ಲುತ್ತ ಬಂದಳು. ಕೊನೆಗೊಂದು ದಿನ ಅವಳ ತೂಕದ ವಿಭಾಗದ ರಾಷ್ಟ್ರೀಯ ಪಟ್ಟಕ್ಕೆ ಚೆನ್ನೈನಲ್ಲಿ ಸೆಣಸುವ ಅವಕಾಶ ಬಂತು.

ಈಗ ತಕ್ಕಡಿಯ ಮಾತಿಗೆ ಬರುತ್ತೇನೆ. ಬಾಷಾ ಸರ್ ಅವರ ಶೆಡ್ಡಿನಲ್ಲಿದ್ದ ಮುಳ್ಳಿನ ತೂಕದ ಯಂತ್ರ ಮನಸ್ಸು ಬಂದಂತೆ ತೂಕ ಹೇಳುತ್ತಿತ್ತು. ಅದಕ್ಕಿಂತ ನಿನ್ನ ಮಾವನ ಎಲೆಕ್ಟ್ರಾನಿಕ್ ತಕ್ಕಡಿಯೇ ವಾಸಿ ಎಂದು ಅವರು ತೀರ್ಮಾನಿಸಿದ್ದರು. ಹೀಗಾಗಿ ಪಂದ್ಯದ ಹಿಂದಿನ ವಾರಗಳಲ್ಲಿ, ಮಾರುಕಟ್ಟೆಯ ಗದ್ದಲ ಇಳಿದ ಮೇಲೆ, ತಾಯಿ ಮಗಳು ಬೈರಕೂರಿನಿಂದ ಬರುತ್ತಿದ್ದರು; ಟೊಮೇಟೊ ತೂಗುವ ತಕ್ಕಡಿಯನ್ನು ಭವ್ಯ ಬರಿಗಾಲಲ್ಲಿ ಏರಿ ನಿಲ್ಲುತ್ತಿದ್ದಳು. ನಮ್ಮ ವ್ಯಾಪಾರದಲ್ಲಿ ಅಂಕಿ ಏರಿದಷ್ಟೂ ಬೆಳೆದವನ ಮುಖ ಅರಳುತ್ತದೆ. ಇಲ್ಲಿ ಅಂಕಿ ಇಳಿಯಲೆಂದು ಮೂವರೂ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಮುದ್ದೆ ಬಿಟ್ಟು, ಉಪ್ಪು ಬಿಟ್ಟು, ಕೊನೆಗೆ ನೀರನ್ನೂ ಗುಟುಕು ಗುಟುಕಾಗಿ ಬಿಡುವ ಮಗಳನ್ನು ನೋಡುತ್ತ ಅಕ್ಕ ತಾನೂ ಅನ್ನ ಬಿಟ್ಟಿದ್ದಳು. ಮತ್ತು ಪ್ರತಿ ಸಲವೂ, ಭವ್ಯ ತಕ್ಕಡಿ ಏರಿದ ಕೂಡಲೇ, ಅಕ್ಕ ಹಿಂದೆ ನಿಂತು ಆ ಜಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು.

"ಅದ್ಯಾಕೆ ಹಿಡ್ಕೊಂತೀಯ?" ಎಂದು ನಾನೊಮ್ಮೆ ಕೇಳಿದೆ.

"ದೇವರ್ದು ತೂಕಕ್ಕೆ ಬರ್ಬಾರ್ದು ಕಣೋ. ಅಪ್ಪ ಹೇಳ್ಕೊಟ್ಟಿದ್ದು ಮರೆತೋಯ್ತಾ?" ಎಂದಳು.

ಮರೆತಿರಲಿಲ್ಲ, ಹಾಗಾಗಿಯೇ ಅದು ನನಗೆ ಸರಿಯಾಗಿಯೇ ಕಂಡಿತು. ಭವ್ಯಳಿಗೂ ಕಂಡಿತು, ಅವಳೂ ಇದೇ ಮಂಡಿಯ ಹಲಗೆ ನೋಡಿ ಬೆಳೆದವಳಲ್ಲವೇ. ಅಂಕಿಯನ್ನು ಫೋನಿನಲ್ಲಿ ಬಾಷಾ ಸರ್‌ಗೆ ಓದಿ ಹೇಳುತ್ತಿದ್ದೆ, ಅವರು ಸಮಾಧಾನಪಡುತ್ತಿದ್ದರು. ಅಳತೆ ಬಲ್ಲ ಮೂರು ಜನ ಸೇರಿ ಜಡೆಯನ್ನು ಲೆಕ್ಕದಿಂದ ಆಚೆ ಇಟ್ಟೆವು, ಇದರಲ್ಲೇನೋ ಕೊರತೆಯಿದೆಯೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಭಕ್ತಿಗೂ ವ್ಯವಹಾರಕ್ಕೂ ನಡುವೆ ನಮ್ಮ ಮನೆಗಳಲ್ಲಿ ಗೋಡೆಯಿಲ್ಲ, ಒಂದು ಹಲಗೆಯಿದೆ ಅಷ್ಟೆ.

ಕುರುಡುಮಲೆಯ ಗಣಪತಿಗೆ ಕೈಮುಗಿದು, ನಮ್ಮ ಟೊಮೇಟೊ ಲಾರಿಗಳು ಹೋಗುವ ಹೆದ್ದಾರಿಯಲ್ಲೇ ಚೆನ್ನೈಗೆ ಹೊರಟೆವು. ಮಗಳ ಪಂದ್ಯ ನೋಡಲು ಅಕ್ಕ ಬಂದದ್ದು ಅದೇ ಮೊದಲು. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ತೂಕ. ತಾಯಂದಿರಿಗೂ ಮಾವಂದಿರಿಗೂ ಒಳಗೆ ಪ್ರವೇಶವಿಲ್ಲ. ಅಕ್ಕ ಮತ್ತು ನಾನು ಮೊಗಸಾಲೆಯಲ್ಲಿ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಬಾಷಾ ಸರ್ ಹೊರಗೆ ಬಂದರು, ಅವರ ಹಿಂದೆ ಟವಲು ಹೊದ್ದ ಭವ್ಯ. ಅವಳ ತುಟಿ ಒಣಗಿ ಬಿರಿದಿತ್ತು.

"ಜಾಸ್ತಿ ತೋರಿಸ್ತಿದೆ," ಎಂದರು ಬಾಷಾ ಸರ್. "ಎರಡು ಗಂಟೆ ಟೈಮ್ ಕೊಟ್ಟವ್ರೆ. ಅಷ್ಟ್ರಲ್ಲಿ ಇಳೀಲಿಲ್ಲ ಅಂದ್ರೆ ಫೈಟ್ ಆಡ್ಬೋದು, ಗೆದ್ರೂ ಪಟ್ಟದ ಬೆಲ್ಟ್ ಇಲ್ಲ."

ಅವಳು ರೈನ್‌ಕೋಟು ತೊಟ್ಟು ಹಗ್ಗ ಜಿಗಿದಳು, ಮೆಟ್ಟಿಲು ಹತ್ತಿಳಿದಳು, ಬಾಯಿನೀರನ್ನೂ ಬಟ್ಟಲಿಗೆ ಉಗುಳಿದಳು. ಆದರೆ ಒಳಗೆ ಬೆವರಾಗಲು ನೀರೇ ಉಳಿದಿರಲಿಲ್ಲ. ಮತ್ತೆ ತೂಗಿದರೆ ಇನ್ನೂ ಎರಡು ಟೊಮೇಟೊದಷ್ಟು ಹೆಚ್ಚು. ಅಷ್ಟು ವರ್ಷದ ಗೋಣಿಚೀಲಗಳು, ಒಡೆದ ಹುಬ್ಬು, ಬಾರದ ಶಿಬಿರದ ಕರೆ, ಎಲ್ಲವೂ ಆ ಎರಡು ಟೊಮೇಟೊದ ಈಚೆಗೆ ನಿಂತುಬಿಟ್ಟಿದ್ದವು. ನಿಮ್ಮ ತಕ್ಕಡಿ ಸುಳ್ಳು ಹೇಳಿತೇ ಎಂಬಂತೆ ಬಾಷಾ ಸರ್ ನನ್ನತ್ತ ನೋಡಿದರು. ನಾನು ಜಡೆಯತ್ತ ನೋಡಿದೆ; ಒಳಗೆ ಅದನ್ನು ಎತ್ತಿ ಹಿಡಿಯಲು ಅಕ್ಕನಿರಲಿಲ್ಲ. ಭವ್ಯಳಿಗೂ ಅದೇ ಕ್ಷಣಕ್ಕೆ ಅರ್ಥವಾಗಿರಬೇಕು. ಅವಳ ಕೈ ತಾನಾಗಿ ಹಿಂದಕ್ಕೆ ಹೋಗಿ ಜಡೆಯನ್ನು ಹಿಡಿಯಿತು.

"ಕತ್ತರಿಸಿಬಿಡಿ ಅಮ್ಮ," ಎಂದು ಬಾಷಾ ಸರ್ ಬ್ಯಾಂಡೇಜಿನ ಕತ್ತರಿಯನ್ನು ಹೊರತೆಗೆದರು.

ಅಕ್ಕನಿಗೆ ದಿಗಿಲಾದರೆ ಕನ್ನಡ ಕೈಕೊಟ್ಟು ತೆಲುಗು ಬರುತ್ತದೆ. "ವದ್ದು, ವದ್ದು," ಎಂದಳು. ಬೇಡ, ಬೇಡ. ಆಮೇಲೆ ಸಾವರಿಸಿಕೊಂಡು, "ಸ್ವಾಮಿಗೆ ಹೇಳಿರೋದು ಸರ್. ಗೆಲ್ಲೋಕ್ ಮುಂಚೆ ಹೆಂಗ್ ತೆಗೆಯೋದು? ಎಲ್ಲೋ ಒಂದ್ ಮೂಲೇಲಿ?"

ಬಾಷಾ ಸರ್ ಕೂಡ ದರ್ಗಾಕ್ಕೆ ಹರಕೆ ಹೊತ್ತ ಮನೆಯಲ್ಲಿ ಹುಟ್ಟಿದವರು. ಕತ್ತರಿಯನ್ನು ಬೆಂಚಿನ ಮೇಲಿಟ್ಟು ಗಡಿಯಾರ ನೋಡುತ್ತ ದೂರ ಹೋಗಿ ನಿಂತರು. ಭವ್ಯ ತಾಯಿಯ ಮುಂದೆ ನೆಲದ ಮೇಲೆ ಕೂತಳು.

"ನಂಗೆ ಬೆಲ್ಟ್ ಬೇಕಮ್ಮ," ಎಂದಳು. "ಆದ್ರೆ ಜಡೆ ನಂದಲ್ಲ, ನೀನ್ ಕೊಟ್ಟಿರೋ ಮಾತು. ನೀನ್ ಬೇಡ ಅಂದ್ರೆ ಬೇಡ. ಹಂಗೇ ಆಡ್ತೀನಿ."

ಇಪ್ಪತ್ತು ದಾಟಿದ ಒಂದು ಹೆಣ್ಣುಮಗು ತನ್ನ ಇಡೀ ಬದುಕಿನ ಆಸೆಯನ್ನು ಹೀಗೆ ತಾಯಿಯ ಮಡಿಲಿಗಿಟ್ಟು ಸುಮ್ಮನೆ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಬಹಳ ಹೊತ್ತು ಮಗಳ ಬಿರಿದ ತುಟಿಯನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತರಿ ಎತ್ತಿಕೊಂಡಳು.

"ಬೇರೆಯವ್ರ ಕೈ ಬೇಡ. ಹೇಳ್ಕೊಂಡೋಳು ನಾನು, ನಾನೇ ತೆಗೀತೀನಿ."

ಬ್ಯಾಂಡೇಜು ಕತ್ತರಿಸುವ ಆ ಪುಟ್ಟ ಕತ್ತರಿ ಅಂಥ ಜಡೆಗೆ ಎಲ್ಲಿ ಸಾಕಾದೀತು? ಎಳೆ ಎಳೆಯಾಗಿ ಕೊಯ್ಯಬೇಕಾಯಿತು. ಒಂದು ಎಳೆಯೂ ನೆಲಕ್ಕೆ ಬೀಳದಂತೆ ನಾನು ಟವಲು ಹಿಡಿದಿದ್ದೆ. ಕೊನೆಗೆ ಜಡೆ ನನ್ನ ಕೈಗೆ ಬಂದಾಗ ನಾನು ಬೆಚ್ಚಿದೆ. ದಿನವೆಲ್ಲ ಭಾರ ಎತ್ತಿ ಇಳಿಸುವವನ ಅಂಗೈಗೆ ಅದು ಭಾರವಾಗಿತ್ತು. ಭವ್ಯ ಒಳಗೆ ಹೋಗಿ ತಕ್ಕಡಿ ಏರಿದಳು. ಹೊರಬಂದವಳು ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡಳು, ಅದರಿಂದಲೇ ನಮಗೆ ತಿಳಿಯಿತು.

ಮರುದಿನ ಸಂಜೆಯ ಪಂದ್ಯವನ್ನು ವರ್ಣಿಸಲು ನನ್ನಿಂದಾಗದು, ಏಕೆಂದರೆ ಅರ್ಧ ಹೊತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಕ್ಕ ಮುಚ್ಚಲಿಲ್ಲ. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಜಡೆ; ಮಗಳಿಗೆ ಪೆಟ್ಟು ಬಿದ್ದಾಗಲೆಲ್ಲ ಚೀಲವನ್ನು ಅವುಚಿಕೊಳ್ಳುತ್ತಿದ್ದಳು. ಎದುರಾಳಿ ಒಳ್ಳೆಯ ಹುಡುಗಿ, ಗಟ್ಟಿಗಿತ್ತಿ. ಮೊದಲ ಸುತ್ತುಗಳು ಅವಳವು. ಮುಂದಿನವುಗಳಲ್ಲಿ ನಮ್ಮವಳ ಪಾದಗಳು, ಬಾಷಾ ಸರ್ ಅಂದು ಶೆಡ್ಡಿನಲ್ಲಿ ಕಂಡಿದ್ದ ಪಾದಗಳು, ಕೆಲಸ ಮಾಡತೊಡಗಿದವು. ತೀರ್ಪುಗಾರರ ಅಂಕ ಓದಿ, ಕಾಗೆ ಕುಕ್ಕಿದಂಥ ಕೂದಲಿನ ಭವ್ಯಳ ಕೈ ಎತ್ತಿದಾಗ ನಾನು ಗಂಡಸೆಂಬುದನ್ನೂ ಮರೆತು ಅತ್ತುಬಿಟ್ಟೆ. "ಮೂಗು ಸರಿಯಾಗಿದ್ಯಾ ನೋಡೋ," ಎಂದಳು ಅಕ್ಕ.

ಆ ವಾರವೇ ಚಿಕ್ಕತಿರುಪತಿಗೆ ಹೋದೆವು. ಕತ್ತರಿಸಿ ತಂದ ಜಡೆ ದೇವರಿಗೆ ಸಲ್ಲುತ್ತದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ನಾನೂ ಭವ್ಯಳೂ ಚರ್ಚೆ ಮಾಡಿದೆವು. ಉಳಿದ ಮೋಟು ಕೂದಲನ್ನೂ ಕೊಟ್ಟುಬಿಡುತ್ತೇನೆ, ಲೆಕ್ಕ ಸರಿಹೋಗಲಿ ಎಂದಳು ಭವ್ಯ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಮುಡಿ ಕೊಡುವಲ್ಲಿ ಭವ್ಯ ಕೂರಲು ಹೊರಟಾಗ ಅಕ್ಕ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಜಡೆಯ ಚೀಲವನ್ನು ಮುಂದಿಟ್ಟು, ತಾನೇ ಕೂತಳು.

"ನಿಂದು ಕೊಟ್ಟಾಯ್ತು ಕಣೇ," ಎಂದಳು. "ನಿನ್ ತಲೆ ಮೇಲಿಂದು ಹೇಳ್ಕೊಂಡ್ಬಿಟ್ಟಿದ್ದೆ, ನಂದೇನೂ ಹೇಳ್ಕೊಂಡಿರ್ಲಿಲ್ಲ. ಹೊರೋಳು ನೀನು, ಕೊಡೋಳು ನಾನು. ಅದೆಂಗ್ ಸರಿ?"

ಅಕ್ಕನ ಕೂದಲು ಅರ್ಧ ಬೆಳ್ಳಗಾಗಿದೆ, ತುರುಬು ನಿಂಬೆಹಣ್ಣಿನಷ್ಟು. ಅವಳು ಅದನ್ನು ಬಿಚ್ಚಿ ತಲೆಬಾಗಿಸಿದಾಗ ಭವ್ಯ ಹಿಂದೆ ಹೋಗಿ ನಿಂತು, ಆ ಎಳೆಗಳು ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ನೀರು ಚಿಮುಕಿಸಿ ಕ್ಷೌರದವರು ಕೆಲಸ ಶುರುಮಾಡಿದರು.

ಈಗಲೂ ತಾಯಿ ಮಗಳು ಮಂಡಿಗೆ ಬರುತ್ತಾರೆ. ಗೆದ್ದ ಪಟ್ಟವನ್ನು ಉಳಿಸಿಕೊಳ್ಳುವ ಪಂದ್ಯ ಹತ್ತಿರದಲ್ಲಿದೆ. ಭವ್ಯ ತಕ್ಕಡಿ ಏರಿದಾಗ ಅಕ್ಕ, ಸೆರಗು ಹೊದ್ದ ತಲೆಯೊಂದಿಗೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಾಳೆ. ಬೆಳಿಗ್ಗೆ ಮೊದಲ ಕ್ರೇಟು ಇಳಿದಾಗ ನಾನು ಈಗಲೂ ಒಂದು ಹಿಡಿ ತೆಗೆಯುತ್ತೇನೆ, ಆದರೆ ಕೆಂಪಾದ, ಕೈತುಂಬುವ ಹಣ್ಣುಗಳನ್ನು ನೋಡಿ ತೆಗೆಯುತ್ತೇನೆ. ಅವನ್ನು ಮೊದಲು ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವವರೆಗೂ ಕಾದು, ಎಷ್ಟೆಂದು ಓದಿಕೊಳ್ಳುತ್ತೇನೆ. ಆಮೇಲೆ ಹಲಗೆಯ ಮೇಲಿಡುತ್ತೇನೆ.