ಸೆಗಣಿ ಸಾರಿಸಿದ ನೆಲಕ್ಕೆ ಹೊಸ ಚೆಂಡೇ?

ಸ್ನೇಹಿತರೇ, ಇವತ್ತು ಹೊಸಂಗಡಿಯಲ್ಲಿ ನಮಗೂ ಮಂಗಳೂರಿನವರಿಗೂ ಟೆನಿಸ್ ಪಂದ್ಯವಿತ್ತು. ಸೋತರೆ ಪೇಟೆಯಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಬೆಳಿಗ್ಗೆಯಷ್ಟೇ ಆಟದ ನೆಲಕ್ಕೆ ಸೆಗಣಿ ಸಾರಿಸಿದ್ದರು. ಬಿಳಿಯ ಹೊಸ ಚೆಂಡು ಹಸಿರಾದೀತೆಂಬ ಚಿಂತೆಯಲ್ಲಿ ನಾನು ಅಭ್ಯಾಸದ ಹಳೆ ಚೆಂಡುಗಳನ್ನೇ ಆಟಕ್ಕೆ ಕೊಟ್ಟೆ.

"ಎಂತ ಮಾರಾಯ್ರೇ, ಇದು ಚೆಂಡಾ, ಬೇಯಿಸಿದ ಗೆಣಸಾ? ನೆಲ ಬಿಟ್ಟು ಏಳುವುದೇ ಇಲ್ಲವಲ್ಲ!" ಎಂದು ಅವರ ಕಡೆಯ ಡಾಕ್ಟರು ಕೂಗಿದರು.

"ನಮ್ಮಲ್ಲಿ ಚೆಂಡು ಏಳುವ ಕ್ರಮ ಇಲ್ಲ ಡಾಕ್ಟ್ರೇ, ನಾವೇ ಬಗ್ಗುವುದು," ಎಂದರು ನನ್ನ ಜೊತೆಗಾರ ಶೀನಪ್ಪಣ್ಣ.

ಬಗ್ಗಿ ಆಡಿ ರೂಢಿಯಿದ್ದ ನಾವೇ ಗೆದ್ದೆವು. "ಭಾರೀ ಉಪಾಯ ನಿಮ್ಮದು!" ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಅಲ್ಲವೆನ್ನಲಿಲ್ಲ.

ಹೊರಡುವಾಗ ಡಾಕ್ಟರು ನಕ್ಕು, "ಬರುವ ಆದಿತ್ಯವಾರ ನಮ್ಮಲ್ಲಿಗೆ ಬನ್ನಿ, ಚೆಂಡು ನಮ್ಮದು, ತಲೆ ಮಟ್ಟಕ್ಕೆ ಏಳುವ ಹೊಸದು," ಎಂದರು. ಗೆದ್ದವನಿಗೂ ಊಟ ಸೇರುವುದಿಲ್ಲವೆಂದು ಇವತ್ತೇ ನನಗೆ ಗೊತ್ತಾದದ್ದು.