ಭಾವ ಮೆಚ್ಚಿದ ಲೈಟ್ನಿಂಗ್

ನನ್ನ ಅಕ್ಕನ ಗಂಡ ಊರಿನಲ್ಲಿ ಲಾರಿ ಓಡಿಸುತ್ತಿದ್ದವರು. ಸೌದಿಗೆ ಬಂದ ಮೇಲೆ ಪೂರ್ವ ಭಾಗದ ಒಂದು ವಾಯುನೆಲೆಯಲ್ಲಿ ಯುದ್ಧವಿಮಾನಗಳಿಗೆ ಇಂಧನ ಒಯ್ಯುವ ಟ್ಯಾಂಕರಿನ ಡ್ರೈವರಾದರು. ನನಗೆ ವೀಸಾ ಮಾಡಿಸಿ ಕರೆಸಿಕೊಂಡದ್ದು ಅವರೇ. ಆಗ ನನಗೆ ಹತ್ತೊಂಬತ್ತು. ಕ್ಯಾಂಪಿನ ಮೆಸ್ಸಿನಲ್ಲಿ ಪಾತ್ರೆ ತೊಳೆಯುವ ಕೆಲಸ.

ಬಂದ ಮೊದಲ ವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಭಾವ ಮೆಸ್ಸಿನ ಹಿಂಬಾಗಿಲಲ್ಲಿ ನಿಂತು ಕೈ ಮಾಡಿದರು.

"ಬಾ ಮಾರಾಯ, ನಿಂಗೆ ಒಂದು ತೋರಿಸ್ತೇನೆ."

ತಂತಿಬೇಲಿಯ ಆಚೆ, ದೂರದ ರನ್‌ವೇಯಲ್ಲಿ ಒಂದು ವಿಮಾನ ಓಡಿ ಬರುತ್ತಿತ್ತು. ಬಣ್ಣ ಬಳಿಯದ ಬೆಳ್ಳಿಯ ಮೈ, ಮೂಗಿರಬೇಕಾದಲ್ಲಿ ತೆರೆದ ದುಂಡು ಬಾಯಿ. ನೆಲ ಬಿಟ್ಟದ್ದೇ ಮೂತಿಯೆತ್ತಿ ನೆಟ್ಟಗೆ ಆಕಾಶಕ್ಕೆ ಏರಿತು. ಆ ಸದ್ದು ಕಿವಿಗಿಂತ ಮೊದಲು ನನ್ನ ಎದೆಗೆ ಬಂದು ಬಡಿಯಿತು. ನಾನು ಹೆದರಿ ಕೂತುಬಿಟ್ಟೆ. ಭಾವ ನಗುತ್ತಿದ್ದರು. ಅವರು ಹಾಗೆ ಬಾಯಿ ತುಂಬ ನಗುವುದನ್ನು ನಾನು ಊರಿನಲ್ಲಿ ಕಂಡಿರಲಿಲ್ಲ.

ಅದು ಬ್ರಿಟಿಷರ ಲೈಟ್ನಿಂಗ್. ಒಂದರ ಮೇಲೊಂದು ಕೂರಿಸಿದ ಎರಡು ಎಂಜಿನ್ನುಗಳು ಅದಕ್ಕೆ. ಹೋದಷ್ಟೇ ಬೇಗ ಇಂಧನ ಮುಗಿಸಿ ಬರುತ್ತಿತ್ತು. ನಿಂತಲ್ಲೆಲ್ಲ ಎಣ್ಣೆ ಸೋರಿಸುತ್ತಿತ್ತು. ಅಡಿಯಲ್ಲಿ ತಟ್ಟೆಗಳನ್ನು ಇಡುತ್ತಿದ್ದರಂತೆ. ಇಷ್ಟೆಲ್ಲ ಉಪದ್ರ ಕೊಡುವುದನ್ನು ಭಾವ ಒಂದು ಹಟಮಾರಿ ಮಗುವಿನ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು. ಕಿವಿಗೆ ಹಾಕಿಕೊಳ್ಳಲು ವಾಯುನೆಲೆಯವರು ದಪ್ಪ ಮಫ್ ಕೊಟ್ಟಿದ್ದರು. ಲೈಟ್ನಿಂಗ್ ಹೊರಡುವ ಹೊತ್ತಿಗೆ ಭಾವ ಆ ಮಫ್‌ನ ಒಂದು ಬದಿಯನ್ನು ಸರಿಸಿ ನಿಲ್ಲುತ್ತಿದ್ದರು.

"ಕಿವಿ ಹೋಗ್ತದೆ ಭಾವ," ಎಂದರೆ, "ಹೋದರೆ ಹೋಗ್ಲಿ, ಇದನ್ನು ಕೇಳಿ ಆಯ್ತಲ್ಲ," ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದೆ.

ನಾನು ಬಂದು ಹೆಚ್ಚು ಕಾಲವಾಗಿರಲಿಲ್ಲ, ಆ ವಿಮಾನಗಳು ಹೋದವು. ಆ ಜಾಗಕ್ಕೆ ಟೊರ್ನಾಡೊ ಬಂತು. ಭಾವ ಅದಕ್ಕೂ ಇಂಧನ ಒಯ್ದರು, ಆದರೆ ಅದರ ಬಗ್ಗೆ ರೂಮಿನಲ್ಲಿ ಒಂದು ಮಾತೂ ಆಡಲಿಲ್ಲ. ಕೆಲವು ವರ್ಷಗಳಲ್ಲಿ ಎಡಗಿವಿ ಪೂರ್ತಿ ಮುಚ್ಚಿಹೋಯಿತು, ಬಲಗಿವಿ ಅರ್ಧ. ಕರಾರು ಮುಗಿದಾಗ ನವೀಕರಿಸಲಿಲ್ಲ. ರಿಯಾದಿನ ಒಂದು ಗೋದಾಮಿನಲ್ಲಿ ಬಾಗಿಲು ಕಾಯುವ ಕೆಲಸ ಹಿಡಿದು ಉಳಿದ ಕಾಲವನ್ನೆಲ್ಲ ಅಲ್ಲೇ ಕಳೆದರು. ನಾನೂ ಓದು ಮುಂದುವರಿಸಿ, ಟೈಪಿಂಗ್ ಕಲಿತು, ಅದೇ ಊರಿನ ಒಲಾಯಾ ಬಡಾವಣೆಯ ಒಂದು ಆಫೀಸು ಸೇರಿದೆ. ಕೆಲಸಗಾರರ ಇಕಾಮಾ, ಅಂದರೆ ವಾಸದ ಪರವಾನಗಿಯ ಕಾಗದಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಎರಡು ವರ್ಷದ ಹಿಂದೆ ಸೌದಿಯ ರಾಷ್ಟ್ರೀಯ ದಿನದಂದು ಭಾವನನ್ನು ಕಾರಿನಲ್ಲಿ ಕೂರಿಸಿಕೊಂಡು ವಿಮಾನಗಳ ಪ್ರದರ್ಶನ ನೋಡಲು ಹೋದೆ. ಟೈಫೂನ್‌ಗಳು ಸಾಲಾಗಿ ಬಂದವು, ಹಸಿರು ಹೊಗೆ ಬಿಟ್ಟು ತಿರುಗಿದವು, ಮಕ್ಕಳು ಕುಣಿದರು. ಬ್ರಿಟಿಷರು ಇತರರ ಜೊತೆ ಸೇರಿ ಮಾಡಿದ ವಿಮಾನ, ತನಗೆ ಏನಾಗಿದೆ ಎಂದು ತಾನೇ ಪರದೆಯ ಮೇಲೆ ತೋರಿಸುತ್ತದಂತೆ ಎಂದು ಅವರ ಕಿವಿಯ ಹತ್ತಿರ ಕೂಗಿ ಹೇಳಿದೆ. ಭಾವ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಮೇಲೆ ನೋಡುತ್ತಿದ್ದರು.

"ಒಳ್ಳೆ ಜಾಣ ವಿಮಾನ," ಎಂದರು. "ಇದಕ್ಕೆ ನಮ್ಮ ಅಗತ್ಯ ಇಲ್ಲ ಅಲ್ವಾ?"

ಹಿಂದಿರುಗುವಾಗ ಕೇಳಿದರು. "ಇಲ್ಲಿ ಮ್ಯೂಸಿಯಮಿನಲ್ಲಿ ಒಂದು ಲೈಟ್ನಿಂಗ್ ಇಟ್ಟಿದ್ದಾರಂತೆ. ಒಮ್ಮೆ ಕರ್ಕೊಂಡು ಹೋಗ್ತೀಯಾ?"

"ಬರುವ ವಾರ ಹೋಗುವ ಭಾವ."

ಆ ಬರುವ ವಾರ ಒಂದೂವರೆ ವರ್ಷ ಬರಲಿಲ್ಲ. ಒಮ್ಮೆ ನನಗೆ ಆಫೀಸು, ಒಮ್ಮೆ ಬಿಸಿಲು, ಒಮ್ಮೆ ಸುಮ್ಮನೆ ಸೋಮಾರಿತನ. ಅವರು ಮತ್ತೆ ಕೇಳಲಿಲ್ಲ. ಕೇಳುವ ಸ್ವಭಾವವೂ ಅಲ್ಲ. ಕೊನೆಗೆ ಅವರು ಖಾಯಂ ಆಗಿ ಊರಿಗೆ ಮರಳುವ ಫೈನಲ್ ಎಕ್ಸಿಟ್ ಕಾಗದವನ್ನು ನನ್ನ ಕೈಯಾರೆ ಮಾಡಿದೆ. ಹೊರಡುವ ಹಿಂದಿನ ದಿನ ಅವಸರದಲ್ಲಿ ಮ್ಯೂಸಿಯಮಿಗೆ ಕರೆದೊಯ್ದರೆ ಅಂದು ರಜೆ. ಯಾವ ದಿನ ತೆರೆದಿರುತ್ತದೆ ಎಂದು ಫೋನಿನಲ್ಲಿ ನೋಡಲು ಒಂದು ನಿಮಿಷ ಸಾಕಿತ್ತು. ನಾನು ನೋಡಿರಲಿಲ್ಲ.

ಬೇಲಿಯ ಸಂದಿಯಿಂದ ಯಾವುದೋ ವಿಮಾನದ ಬಾಲ ಮಾತ್ರ ಕಂಡಿತು. ಭಾವ ಬಹಳ ಹೊತ್ತು ನೋಡಿದರು.

"ಅದೇ ಇರಬೇಕು," ಎಂದರು.

"ನನ್ನದೇ ತಪ್ಪು ಭಾವ."

ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. "ಯಲ್ಲಾ, ಹೊರಡುವ, ಪೆಟ್ಟಿಗೆ ಕಟ್ಟಲಿಕ್ಕೆ ಉಂಟು," ಎಂದರು.

ಊರಿಗೆ ಹೋದ ನಾಲ್ಕನೇ ತಿಂಗಳಿಗೆ ಅವರು ತೀರಿಕೊಂಡರು. ನನಗೆ ಆ ದಿನ ವಿಮಾನದ ಟಿಕೆಟ್ ಸಿಗಲಿಲ್ಲ. ದಫನ ಮುಗಿಯಿತು ಎಂದು ಫೋನ್ ಬಂದಾಗ ನಾನಿನ್ನೂ ಮೆಟ್ರೊದಲ್ಲಿದ್ದೆ. ಎದುರಿನ ಸೀಟಿನವನು ಯಾಕೆ ಅಳುತ್ತೀ ಎಂದು ಉರ್ದುವಿನಲ್ಲಿ ಕೇಳಿದ. ನಾನು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಬಿಟ್ಟೆ.

ಮರುವಾರ ಒಬ್ಬನೇ ಮ್ಯೂಸಿಯಮಿಗೆ ಹೋದೆ. ಲೈಟ್ನಿಂಗ್ ಬಯಲಿನಲ್ಲಿ ನಿಂತಿತ್ತು. ನಾನು ನೆನಪಿಟ್ಟುಕೊಂಡದ್ದಕ್ಕಿಂತ ಎತ್ತರವಿತ್ತು, ಆದರೆ ಬೆಳ್ಳಿಯ ಹೊಳಪು ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು. ಅಡಿಯಲ್ಲಿ ಬಗ್ಗಿ ನೋಡಿದೆ. ನೆಲ ಒಣಗಿತ್ತು, ಒಂದು ತೊಟ್ಟು ಎಣ್ಣೆಯ ಕಲೆಯೂ ಇರಲಿಲ್ಲ. ಸುತ್ತ ನಡೆದು ವಿಡಿಯೊ ತೆಗೆದು ಅಕ್ಕನಿಗೆ ಕಳಿಸಿ ಫೋನ್ ಮಾಡಿದೆ.

"ಇದು ಎಂತದು?" ಎಂದಳು ಅಕ್ಕ.

"ಭಾವನ ವಿಮಾನ ಅಕ್ಕ. ಅವರು ಇಂಧನ ತುಂಬಿಸ್ತಿದ್ದದ್ದು ಇದಕ್ಕೇ."

"ಇದಕ್ಕಾ? ನನ್ನ ಹತ್ರ ಟ್ಯಾಂಕರ್ ಓಡಿಸ್ತೇನೆ ಅಂತ ಮಾತ್ರ ಹೇಳಿದ್ದು. ಪೆಟ್ರೋಲ್ ಪಂಪಿಗೆ ಅಂತ ಎಣಿಸಿದ್ದೆ ನಾನು."

ನಲವತ್ತು ವರ್ಷದ ಸಂಸಾರ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಆ ಎರಡು ತಿಂಗಳಲ್ಲಿ ಮನೆಯ ಹೆಂಚು, ಮಗಳ ಮದುವೆ, ಆಸ್ಪತ್ರೆ. ಈ ಸದ್ದಿನ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಬೇಲಿಯ ಹತ್ತಿರ ಅವರು ನಕ್ಕದ್ದನ್ನೂ ಕಿವಿಯ ಮಫ್ ಸರಿಸುತ್ತಿದ್ದದ್ದನ್ನೂ ಅಕ್ಕನಿಗೆ ಹೇಳಿದೆ.

"ಕಿವಿ ಜ್ವರದಲ್ಲಿ ಹೋದದ್ದು ಅಂತ ಹೇಳಿದ್ದರು," ಎಂದಳು. ಆಮೇಲೆ ಕೇಳಿದಳು, "ಅಲ್ಲಿ ನನ್ನ ಸುದ್ದಿ ಎಂತಾದ್ರೂ ಮಾತಾಡ್ತಿದ್ದರಾ?"

"ಮಾತಾಡ್ತಿದ್ದರು ಅಕ್ಕ."

"ಎಂತ ಹೇಳ್ತಿದ್ದರು?"

ಕ್ಯಾಂಪಿನಲ್ಲಿ ಗಂಡಸರು ಹೆಂಡತಿಯ ಸುದ್ದಿ ಎತ್ತುತ್ತಿರಲಿಲ್ಲ. ಅವಳಿಗೆ ಹೇಳಬಹುದಾದ ಒಂದೇ ಒಂದು ಮಾತಿಗಾಗಿ ಆ ಬಿಸಿಲಿನಲ್ಲಿ ನಿಂತು ತಡಕಾಡಿದೆ. ಸಿಗಲಿಲ್ಲ. ಅಕ್ಕ ಮೆಲ್ಲಗೆ, "ಇರ್ಲಿ, ನೀನು ಊಟ ಮಾಡು," ಎಂದು ಫೋನ್ ಇಟ್ಟಳು.